ನಾಯಿಯ ಪಾದಶುಶ್ರೂಷೆ

ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ಯಜ್ಞಶಾಲೆಯ ಬಳಿ ಸುಳಿದ ನಾಯಿಮರಿಯೊಂದನ್ನು ಅರಸನ ತಮ್ಮಂದಿರು ಹೊಡೆದಟ್ಟುವ ಪ್ರಸಂಗವೊಂದುಂಟು. ಪೆಟ್ಟು ತಿಂದ ಮರಿ ಅಳುತ್ತ ತನ್ನ ತಾಯಿಯಾದ ಸರಮೆಯ ಬಳಿಗೆ ಓಡಿಹೋಗಿ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದು ದೂರಿಕೊಳ್ಳುತ್ತದೆ. ಸರಮೆ ಯಜ್ಞಭೂಮಿಗೆ ಬಂದು, ತಪ್ಪು ಮಾಡದ ಮಗನನ್ನು ಏಕೆ ಹೊಡೆದಿರೆಂದು ಕೇಳಿದಾಗ ಉತ್ತರ ಕೊಡುವವರು ಅಲ್ಲಿ ಯಾರೂ ಇರುವುದಿಲ್ಲ. ನಾಯಿ ನೆಕ್ಕಿತೆಂದು ವಿಚಾರಣೆಯಿಲ್ಲದೆ ದಂಡಿಸುವ ಪದ್ಧತಿ ಅಷ್ಟು ಪುರಾತನವಾದದ್ದು. ಇಂದಿನ ಮನೆಗಳಲ್ಲಿಯೂ, ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗುಲಿಯ ಮೂಲೆಯಿಂದ ಕೇಳಿಬರುವ ಆ ಎಡೆಬಿಡದ ಲೊಚಲೊಚ ಸದ್ದಿಗೆ ಬೇಸತ್ತ ಯಜಮಾನನು ಒಳಗಿನಿಂದಲೇ ಒಮ್ಮೆ ಗದರಿ, ನಾಯಿ ಸುಮ್ಮನಾದೊಡನೆ ಕರ್ತವ್ಯ ಮುಗಿಯಿತೆಂದು ಮಗ್ಗುಲು ಬದಲಿಸುತ್ತಾನೆ. ಅರೆಗಳಿಗೆ ಕಳೆಯುವುದರೊಳಗೆ ಸದ್ದು ಪುನಃ ಆರಂಭವಾಗುತ್ತದೆ. ನಾಯಿ ತನ್ನ ಕಾಲನ್ನು ಏತಕ್ಕೆ ಅಗಿಯುತ್ತಿದೆ ಎಂದು ದೀಪ ಹಿಡಿದು ನೋಡುವವರು ವಿರಳ.

ನೋಡತಕ್ಕ ವಸ್ತುವೂ ಸಾಮಾನ್ಯವಾದುದಲ್ಲ. ಮನುಷ್ಯನು ಹಿಮ್ಮಡಿಯೂರಿ ನಡೆಯುವಂತೆ ನಾಯಿ ನಡೆಯುವುದಿಲ್ಲ. ಅದು ಸದಾ ಬೆರಳುಗಳ ಮೇಲೆಯೇ ನಿಂತಿರುವ ಪ್ರಾಣಿ. ನಾವು ಅದರ ಹಿಂಗಾಲಿನ ಹಿಮ್ಮುಖವಾದ ಮೊಣಕಾಲೆಂದು ಭಾವಿಸುವುದು ವಾಸ್ತವದಲ್ಲಿ ಅದರ ಹಿಮ್ಮಡಿ. ನೆಲಕ್ಕೆ ತಾಗುವ ಒಂದೊಂದು ಪಂಜದಲ್ಲಿ ನಾಲ್ಕು ಬೆರಳುಗಳಿಗೆ ನಾಲ್ಕು ಮೆತ್ತೆಗಳೂ, ಅವುಗಳ ಹಿಂದೆ ಒಂದು ದೊಡ್ಡ ಮೆತ್ತೆಯೂ ಇದ್ದು, ಮುಂಗಾಲಿನಲ್ಲಿ ಮಣಿಕಟ್ಟಿನ ಹಿಂಬದಿಗೆ ಇನ್ನೊಂದು ಸಣ್ಣ ಮೆತ್ತೆ ಇರುತ್ತದೆ. ಈ ಮೆತ್ತೆಗಳ ಹೊರಚರ್ಮವು ದೇಹದ ಇತರ ಭಾಗಗಳ ಚರ್ಮಕ್ಕಿಂತ ಬಹಳ ದಪ್ಪನಾಗಿ ಒರಟಾಗಿದ್ದು, ಒಳಗೆ ಕೊಬ್ಬು ತುಂಬಿಕೊಂಡು, ಕಲ್ಲುಮುಳ್ಳುಗಳ ಪೆಟ್ಟನ್ನು ತಡೆಯುವುದಾದರೂ, ಬೆರಳುಗಳ ನಡುವಣ ಸಂದಿನ ಚರ್ಮ ಮಾತ್ರ ಅತ್ಯಂತ ತೆಳುವಾದದ್ದು, ರೋಮ ಮುಚ್ಚಿದ್ದು, ಗಾಳಿ ಸೋಕದ್ದು. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ. ಆದಕಾರಣ ಮಳೆಯ ನೀರು, ಕೆಸರು, ಬೆವರು, ಜೊಲ್ಲು, ಎಲ್ಲವೂ ಬಂದು ನಿಲ್ಲುವ ಸ್ಥಾನ ಆ ಸಂದುಗಳೇ ಆಗಿವೆ. ಮುಕ್ಕಾಲು ಪಾಲು ವ್ಯಥೆ ಹುಟ್ಟುವುದೂ ಅಲ್ಲಿಯೇ.

ಶುಶ್ರೂಷೆಗೆ ಮೊದಲು ಪರೀಕ್ಷೆಯಾಗತಕ್ಕದ್ದು. ಊಟವಾಗಿ ನಾಯಿ ಆಲಸ್ಯದಿಂದ ಒರಗಿರುವ ಸಮಯವನ್ನು ನೋಡಿ, ಅದಕ್ಕೆ ಅಚ್ಚುಮೆಚ್ಚಾದವರೊಬ್ಬರು ತಲೆಯ ಬಳಿ ಕುಳಿತು ಕಿವಿಯ ಬುಡವನ್ನು ತುರಿಸುತ್ತಿರಲು, ಇನ್ನೊಬ್ಬರು ಪಂಜವನ್ನು ಕೆಳಗಿನಿಂದ ಅಂಗೈಯಲ್ಲಿ ಹಿಡಿದು, ದೊಡ್ಡ ಮೆತ್ತೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಬೇಕು. ಆಗ ಬೆರಳುಗಳು ತಾವಾಗಿಯೇ ಅಗಲಿಕೊಳ್ಳುತ್ತವೆ. ಟಾರ್ಚಿನ ಬೆಳಕಿನಲ್ಲಿ ಒಂದೊಂದು ಸಂದನ್ನೂ ಮೇಲಿನಿಂದಲೂ ಕೆಳಗಿನಿಂದಲೂ ನೋಡಬೇಕು. ಎಷ್ಟು ಸೌಮ್ಯ ಸ್ವಭಾವದ ನಾಯಿಯಾದರೂ ನೋವಿನ ಜಾಗವನ್ನು ಮುಟ್ಟಿದಾಗ ಕಚ್ಚುವ ಸಂಭವವುಂಟಾದ್ದರಿಂದ, ಹಲ್ಲು ತೋರಿಸಿ ಗುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸುವುದು ವಿವೇಕ. ಬಿಳಿಯ ಅಥವಾ ತಿಳಿಬಣ್ಣದ ರೋಮದ ನಾಯಿಯಾದರೆ ರೋಮದ ಬಣ್ಣವೇ ಸಾಕ್ಷಿ ಹೇಳುತ್ತದೆ. ಜೊಲ್ಲಿನಲ್ಲಿರುವ ಪಾರ್ಫಿರಿನ್ ಎಂಬ ವರ್ಣದ್ರವ್ಯವು ಪದೇ ಪದೇ ನೆಕ್ಕಿದ ಕಡೆ ತುಕ್ಕಿನ ಬಣ್ಣದ ಕಲೆಯನ್ನು ಉಳಿಸುವುದರಿಂದ, ನಾವು ನೋಡದಿದ್ದಾಗ ನಾಯಿ ಎಷ್ಟು ನೆಕ್ಕಿದೆ, ಎಲ್ಲಿ ನೆಕ್ಕಿದೆ ಎಂಬುದು ಅಲ್ಲಿ ಲಿಖಿತವಾಗಿರುತ್ತದೆ.

ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೆಕ್ಕುತ್ತಿರುವುದು ಒಂದು ಕಾಲನ್ನೋ, ಹಲವು ಕಾಲುಗಳನ್ನೋ? ಈ ಭೇದವನ್ನು ಅರಿತವನಿಗೆ ಅರ್ಧ ರೋಗನಿದಾನವಾದಂತೆಯೇ ಸರಿ.

ಒಂದೇ ಕಾಲು, ಅದೂ ಇದ್ದಕ್ಕಿದ್ದಂತೆ ಎಂದಾದರೆ, ಹೊರಗಿನ ವಸ್ತುವೊಂದು ಅಲ್ಲಿ ಸೇರಿಕೊಂಡಿದೆಯೆಂದೋ, ಗಾಯವಾಗಿದೆಯೆಂದೋ ಸಂದೇಹಪಡಬೇಕು. ಬಯಲುಸೀಮೆಯ ಹೊಲಗಳ ಬದುವಿನಲ್ಲಿ ಅಡ್ಡಾಡುವ ನಾಯಿಗೆ ನೆಗ್ಗಿಲುಮುಳ್ಳು ಅಂಗಾಲಿಗೆ ನಾಟುವುದು ನಿತ್ಯದ ಮಾತು; ಮಳೆಗಾಲ ಕಳೆದು ಬೀಜ ಬಲಿಯುವ ದಿನಗಳಲ್ಲಿ ಉತ್ತರಾಣಿಯ ಕಾಳುಗಳು ರೋಮಕ್ಕೆ ಅಂಟಿ ಸಂದಿನೊಳಗೆ ಸೇರಿಕೊಳ್ಳುತ್ತವೆ. ಇವೆರಡೂ ಕಣ್ಣಿಗೆ ಕಾಣುವುವಾದ್ದರಿಂದ ಚಿಮಟದಿಂದ ತೆಗೆಯಬಹುದು. ಕೆಲವು ಜಾತಿಯ ಹುಲ್ಲಿನ ಬೀಜಗಳು ಮಾತ್ರ ಬೇರೆ ಬಗೆಯವು. ಒಂದು ಕಡೆ ಚೂಪಾದ ಮೊನೆಯೂ, ಹಿಂದಕ್ಕೆ ಬಾಗಿದ ಸೂಕ್ಷ್ಮ ಕೂದಲುಗಳೂ ಇರುವ ಈ ಬೀಜ ಒಮ್ಮೆ ಚರ್ಮವನ್ನು ಹೊಕ್ಕಿತೆಂದರೆ ಹಿಂದಕ್ಕೆ ಬರಲಾರದು. ನಾಯಿಯ ಪ್ರತಿ ಹೆಜ್ಜೆಯೂ ಅದನ್ನು ಮುಂದಕ್ಕೆ ನೂಕುತ್ತದೆ. ಸಂದಿನಲ್ಲಿ ಕೆಂಪು ಗಂಟೊಂದು ಎದ್ದು, ಒಡೆದು, ಮಾಗಿದಂತೆ ತೋರಿ, ಕೆಲವು ದಿನಗಳಲ್ಲಿ ಅದೇ ಜಾಗದಲ್ಲಿ ಮರಳಿ ಎದ್ದರೆ ಒಳಗೆ ಇಂಥ ಬೀಜವಿದೆಯೆಂದು ಶಂಕಿಸಬೇಕು. ಅದನ್ನು ಹೊರತೆಗೆಯುವುದು ಮನೆಯವರ ಕೆಲಸವಲ್ಲ, ಪಶುವೈದ್ಯರದು.

ಉಣ್ಣೆಯೂ ಹೀಗೆಯೇ ಬೆರಳ ಸಂದನ್ನು ಹುಡುಕಿಕೊಂಡು ಬಂದು ಕೂರುವ ಪ್ರಾಣಿ. ಅದರ ದೇಹವನ್ನು ಹಿಸುಕದೆ, ಚರ್ಮಕ್ಕೆ ಆದಷ್ಟು ಸಮೀಪದಲ್ಲಿ ಚಿಮಟದಿಂದ ಹಿಡಿದು ನೇರವಾಗಿ, ಒಂದೇ ಸಮನಾಗಿ ಎಳೆಯಬೇಕು. ಬೆಂಕಿಕಡ್ಡಿಯಿಂದ ಸುಡುವುದು, ಸೀಮೆಎಣ್ಣೆ ಬಿಡುವುದು ಮೊದಲಾದ ಶೂರಕೃತ್ಯಗಳಿಂದ ಉಣ್ಣೆಗಿಂತ ನಾಯಿಗೇ ಹೆಚ್ಚು ಕಷ್ಟ. ದನಗಳ ಉಣ್ಣೆಗೆಂದು ತಂದ ಔಷಧವನ್ನು ಅಂದಾಜಿನಿಂದ ಬೆರೆಸಿ ನಾಯಿಯ ಕಾಲಿಗೆ ಬಳಿಯುವುದು ಹಳ್ಳಿಗಳಲ್ಲಿ ಇನ್ನೂ ನಡೆದುಬಂದಿದೆ. ಕಾಲಿಗೆ ಬಳಿದದ್ದೆಲ್ಲವೂ ಕೊನೆಗೆ ನಾಯಿಯ ಹೊಟ್ಟೆಗೇ ಸೇರುವುದೆಂಬುದನ್ನು ಬಳಿಯುವವರು ಯೋಚಿಸುವುದಿಲ್ಲ. ಉಣ್ಣೆಗಳನ್ನು ತೆಗೆದ ಮೇಲೆ ನಾಯಿ ಜ್ವರದಿಂದ ಮಂಕಾಗಿ ಊಟ ಬಿಟ್ಟರೆ, ಅವು ಹರಡುವ ರಕ್ತರೋಗಗಳ ಪರೀಕ್ಷೆಯನ್ನು ತಡಮಾಡದೆ ಮಾಡಿಸತಕ್ಕದ್ದು.

ಉಗುರುಗಳ ವಿಷಯವನ್ನು ಇಲ್ಲಿ ಮರೆಯಲಾಗದು. ಮುಂಗಾಲಿನ ಒಳಮಗ್ಗುಲಿಗೆ, ನೆಲಕ್ಕೆ ತಾಗದಷ್ಟು ಎತ್ತರದಲ್ಲಿರುವ ಐದನೆಯ ಬೆರಳಿನ ಉಗುರು ಸವೆಯುವ ಅವಕಾಶವಿಲ್ಲದೆ ಬೆಳೆದು, ಕುಡುಗೋಲಿನಂತೆ ಬಾಗಿ, ಮರಳಿ ಅದೇ ಬೆರಳಿನ ಮಾಂಸಕ್ಕೆ ಚುಚ್ಚಿಕೊಳ್ಳುವುದುಂಟು. ಗಾರೆನೆಲದ ಮೇಲೆಯೇ ದಿನ ಕಳೆಯುವ ವೃದ್ಧ ನಾಯಿಗಳಲ್ಲಿ ಇದು ಹೆಚ್ಚು. ಉದ್ದ ರೋಮದ ಮರೆಯಲ್ಲಿ ಯಾರಿಗೂ ಕಾಣಿಸದು.

ಎರಡು ಕಾಲುಗಳನ್ನೋ ನಾಲ್ಕನ್ನೋ ಸರದಿಯಂತೆ ನೆಕ್ಕುವ ನಾಯಿಯ ಕಥೆ ಬೇರೆ. ಬೇಸಿಗೆಯ ಮಧ್ಯಾಹ್ನ ಕಾದ ಡಾಂಬರು ರಸ್ತೆಯಲ್ಲಿ ನಡೆಸಿಕೊಂಡು ಬಂದುದರಿಂದ ಅಂಗಾಲು ಸುಟ್ಟಿರಬಹುದು. ನಾವು ಚಪ್ಪಲಿ ಮೆಟ್ಟಿ ನಡೆಯುವುದರಿಂದ ಇದು ನಮಗೆ ಹೊಳೆಯುವುದಿಲ್ಲ. ಮುಂಗೈಯ ಬೆನ್ನನ್ನು ರಸ್ತೆಯ ಮೇಲೆ 7 ಸೆಕೆಂಡು ಊರಿ ತಾಳಲಾಗದಿದ್ದರೆ ಆ ರಸ್ತೆ ನಾಯಿಗೂ ತಕ್ಕುದಲ್ಲ. ನೆಲ ಸಾರಿಸಿದ ಫಿನಾಯಿಲು ಒಣಗುವ ಮೊದಲೇ ಅದರ ಮೇಲೆ ಓಡಾಡಿದ ನಾಯಿಗೂ ಸಂದುಗಳು ಕೆಂಪೇರುತ್ತವೆ. ಫಿನಾಯಿಲನ್ನು ನೆಕ್ಕಿ ನುಂಗುವುದಂತೂ ವಿಷವೇ ಆದ್ದರಿಂದ, ನಾಯಿ ಇರುವ ಮನೆಯಲ್ಲಿ ನೆಲವನ್ನು ಕಡೆಗೊಮ್ಮೆ ಬರಿಯ ನೀರಿನಿಂದ ಒರೆಸುವುದು ಒಳ್ಳೆಯ ಪದ್ಧತಿ. ಇಂಥ ಪ್ರತ್ಯಕ್ಷ ಕಾರಣಗಳೊಂದೂ ಇಲ್ಲದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ಋತುವಿಗೆ ಅನುಸಾರವಾಗಿ, ಪಂಜಗಳನ್ನೂ ಕಿವಿಗಳನ್ನೂ ಒಟ್ಟಿಗೆ ಕೆರೆದುಕೊಳ್ಳುವ ನಾಯಿಗೆ ಬಹುಶಃ ಅಲರ್ಜಿ. ಮನೆಯ ಧೂಳಿನ ನುಸಿ, ಪರಾಗ, ಚಿಗಟದ ಜೊಲ್ಲು, ಆಹಾರದ ಯಾವುದೋ ಒಂದು ಪ್ರೋಟೀನು, ಇವುಗಳಲ್ಲಿ ಯಾವುದಾದರೂ ಇದಕ್ಕೆ ಮೂಲವಾಗಬಹುದು.

ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಎಲ್ಲರ ಬಾಯಲ್ಲೂ ಬರುವ ತೀರ್ಪು "ಮೈಗೆ ಉಷ್ಣವಾಗಿದೆ" ಎಂಬುದು. ಆ ತೀರ್ಪಿನಂತೆ ಕೋಳಿಮಾಂಸ ನಿಲ್ಲಿಸಿ ಮೊಸರನ್ನ, ಮಜ್ಜಿಗೆಗಳನ್ನು ಕೊಡಲಾಗುತ್ತದೆ. ಕೋಳಿಮಾಂಸವು ನಾಯಿಗಳಲ್ಲಿ ಆಹಾರದ ಅಲರ್ಜಿಯುಂಟುಮಾಡುವ ಪದಾರ್ಥಗಳಲ್ಲೊಂದಾದ್ದರಿಂದ ಕೆಲವು ವೇಳೆ ಗುಣ ಕಾಣುವುದು ಆಶ್ಚರ್ಯವಲ್ಲ. ಆದರೆ ಹಾಲು ಮೊಸರುಗಳೂ ಅದೇ ಪಟ್ಟಿಯಲ್ಲಿರುವುದರಿಂದ, ತಂಪೆಂದು ಕೊಟ್ಟ ಮಜ್ಜಿಗೆಯೇ ತುರಿಯನ್ನು ಹೆಚ್ಚಿಸುವುದೂ ಸಂಭವವೇ. ಆಹಾರವೇ ಕಾರಣವೆಂದು ನಿರ್ಣಯಿಸಬೇಕಾದರೆ ನಾಯಿ ಹಿಂದೆಂದೂ ತಿಂದಿರದ ಪದಾರ್ಥಗಳನ್ನಷ್ಟೇ ಸುಮಾರು 8 ವಾರ ಕೊಟ್ಟು, ಬೇರೊಂದು ತುಣುಕನ್ನೂ ಬಾಯಿಗೆ ಬೀಳಗೊಡದೆ ಕಾದು ನೋಡಬೇಕಾಗುತ್ತದೆ. ಮಕ್ಕಳು ಬಿಸ್ಕತ್ತು ತಿನ್ನುವ ಮನೆಯಲ್ಲಿ ಇದು ತಪಸ್ಸಿಗೆ ಸಮಾನವಾದ ವ್ರತ.

ಕಾರಣ ಯಾವುದೇ ಇರಲಿ, ಮುಂದಿನ ಅನರ್ಥ ಒಂದೇ ಕ್ರಮದಲ್ಲಿ ಬೆಳೆಯುತ್ತದೆ. ತುರಿಯೆದ್ದು ನಾಯಿ ನೆಕ್ಕುತ್ತದೆ. ನೆಕ್ಕಿದುದರಿಂದ ಸಂದು ತೇವವಾಗುತ್ತದೆ. ಚರ್ಮದ ಮೇಲೆ ಸ್ವಾಭಾವಿಕವಾಗಿಯೇ ಅಲ್ಪಪ್ರಮಾಣದಲ್ಲಿ ವಾಸಿಸುವ ಬ್ಯಾಕ್ಟೀರಿಯಗಳೂ ಮಲಸೀಜಿಯ ಎಂಬ ಯೀಸ್ಟೂ ಆ ತೇವದಲ್ಲಿ ವಿಪರೀತವಾಗಿ ವೃದ್ಧಿಗೊಂಡು, ಹುಳಿಯೇರಿದ ವಾಸನೆಯನ್ನು ಹೊರಡಿಸುತ್ತ ಮೊದಲಿಗಿಂತ ಹೆಚ್ಚಿನ ತುರಿಯನ್ನುಂಟುಮಾಡುತ್ತವೆ. ನಾಯಿ ನೆಕ್ಕುವುದನ್ನು ಬಿಟ್ಟು ಮುಂಬಲ್ಲುಗಳಿಂದ ಅಗಿಯತೊಡಗುತ್ತದೆ. "ನಾಯಿಯ ನಾಲಗೆಯೇ ಅದಕ್ಕೆ ಔಷಧಿ ಕಣಮ್ಮ, ನೆಕ್ಕಿಕೊಂಡರೆ ತಾನಾಗಿಯೇ ಮಾಯುತ್ತೆ, ನೀನ್ಯಾಕೆ ಒದ್ದಾಡ್ತೀಯ?" ಎಂದು ನೆರೆಮನೆಯ ಅಜ್ಜಿ ಹೇಳುವ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಜೊಲ್ಲಿನಲ್ಲಿ ಕೆಲವು ರೋಗಾಣುಗಳನ್ನು ತಡೆಯುವ ಲೈಸೋಜೈಮ್ ಮುಂತಾದ ದ್ರವ್ಯಗಳಿರುವುದು ನಿಜ. ಆದರೆ ಅದರ ಜೊತೆಗೆ ಬಾಯಿಯ ಅಸಂಖ್ಯಾತ ಸೂಕ್ಷ್ಮಜೀವಿಗಳೂ ಇವೆ, ಒರಟಾದ ನಾಲಗೆಯ ಉಜ್ಜುವಿಕೆಯಿದೆ, ಆರದ ತೇವವಿದೆ. ಲಾಭಕ್ಕಿಂತ ನಷ್ಟವೇ ಮಿಗಿಲು.

ಮನೆಯಲ್ಲಿ ಮಾಡಬಹುದಾದ ಉಪಚಾರಗಳಲ್ಲಿ ಅಗ್ರಸ್ಥಾನ ಉಪ್ಪುನೀರಿನದು. ಕುದಿಸಿ ಆರಿಸಿ ಉಗುರುಬೆಚ್ಚಗಾದ ಒಂದು ಲೀಟರ್ ನೀರಿಗೆ 9 ಗ್ರಾಂ, ಎಂದರೆ ಚಹಾ ಚಮಚೆಯಲ್ಲಿ ಮಟ್ಟಸವಾಗಿ ಒಂದೂವರೆಯಷ್ಟು, ಅಡಿಗೆಯ ಉಪ್ಪನ್ನು ಕರಗಿಸಿದರೆ ಅದು ರಕ್ತದ ಲವಣಾಂಶಕ್ಕೆ ಸರಿಸಮಾನವಾಗಿ, ಹಸಿ ಚರ್ಮಕ್ಕೆ ಉರಿಯುಂಟುಮಾಡದೆ ಕೊಳೆಯನ್ನು ಬಿಡಿಸುತ್ತದೆ. ಹೆಚ್ಚು ಉಪ್ಪು ಹಾಕಿದರೆ ಹೆಚ್ಚು ಗುಣವೆಂಬ ಭ್ರಾಂತಿ ಬೇಡ. ಮೊದಲು ಮಣ್ಣನ್ನು ಬರಿಯ ನೀರಿನಿಂದ ತೊಳೆದು, ಅನಂತರ ಮಣಿಕಟ್ಟಿನ ಮಟ್ಟಕ್ಕೆ ಉಪ್ಪುನೀರು ತುಂಬಿದ ಬೋಗುಣಿಯಲ್ಲಿ ಪಂಜವನ್ನು 5ರಿಂದ 10 ನಿಮಿಷ ಇರಿಸಬೇಕು. ನೀರನ್ನು ನಾಯಿ ಕುಡಿಯದಂತೆ ಎಚ್ಚರವಿರಬೇಕು. ನಿಲ್ಲಲೊಪ್ಪದ ನಾಯಿಯಾದರೆ ಶುಭ್ರವಾದ ಬಟ್ಟೆಯನ್ನು ಅದರಲ್ಲಿ ಅದ್ದಿ ಪಂಜಕ್ಕೆ ಸುತ್ತಿ ಹಿಡಿದರೂ ಆಗಬಹುದು. ದಿನಕ್ಕೆ ಎರಡು ಬಾರಿ ಸಾಕು.

ಇಷ್ಟು ಮಾಡಿ ನಾಯಿಯನ್ನು ಹಾಗೆಯೇ ಬಿಟ್ಟುಬಿಡುವವರೇ ಬಹುಮಂದಿ. ನನ್ನ ಅಭಿಪ್ರಾಯದಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ಮುಖ್ಯ. ಒಣಗಿಸಲು ವ್ಯವಧಾನವಿಲ್ಲದವರು ತೊಳೆಯದಿರುವುದೇ ಮೇಲು. ಹಳೆಯ ಹತ್ತಿ ಸೀರೆಯ ಇಲ್ಲವೆ ಪಂಚೆಯ ಮೆತ್ತನೆಯ ತುಂಡನ್ನು ತೆಗೆದುಕೊಂಡು ಉಜ್ಜದೆ ಒತ್ತಿ ಒತ್ತಿ ನೀರನ್ನು ಹೀರಿಸಿ, ಬಟ್ಟೆಯ ಅಂಚನ್ನು ಒಂದೊಂದು ಸಂದಿಗೂ ತೂರಿಸಿ, ಅದು ಒದ್ದೆಯಾಗದೆ ಹೊರಬರುವ ತನಕ ಬಿಡಬಾರದು. ಆಮೇಲೆ ಸ್ವಲ್ಪ ಹೊತ್ತು ಬೀಸಣಿಗೆಯ ಗಾಳಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ನೆಲವೇ ಒಣಗದ ಕಾಲದಲ್ಲಿ, ಬೇರೇನೂ ಔಷಧವಿಲ್ಲದೆ ಹೊತ್ತುಹೊತ್ತಿಗೆ ಹೀಗೆ ಪಂಜ ಒಣಗಿಸಿದುದರಿಂದಲೇ ಸಂದುಗಳ ಕೆಂಪು ಇಳಿಯುವುದುಂಟು.

ಚರ್ಮ ಒಡೆದು ಹಸಿಯಾಗಿದ್ದರೆ, ಬೆಟಾಡಿನ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾದ ಪೊವಿಡೋನ್ ಅಯೊಡಿನ್ ದ್ರಾವಣವನ್ನು ತಿಳಿಯಾದ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ತೊಳೆಯಬಹುದು. ಸ್ಪಿರಿಟು, ಹೈಡ್ರೋಜನ್ ಪೆರಾಕ್ಸೈಡು ಬೇಡ. ಅವು ರೋಗಾಣುವಿನೊಡನೆ ಮಾಯಲು ಹೊರಟ ಹೊಸ ಚರ್ಮವನ್ನೂ ನಾಶಮಾಡುತ್ತವೆ. ಅರಿಸಿನ, ಕೊಬ್ಬರಿ ಎಣ್ಣೆಗಳ ಮೇಲೆ ನಮಗಿರುವ ಅಭಿಮಾನ ಸಹಜವಾದದ್ದು. ಒಣಗಿ ಬಿರಿದ ಮೆತ್ತೆಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಹಿತವೇ. ಆದರೆ ತೇವದಿಂದ ಕೆಂಪಾದ ಸಂದಿಗೆ ಅದೇ ಎಣ್ಣೆಯನ್ನು ಹಚ್ಚಿದರೆ ತೇವವನ್ನು ಒಳಗೇ ಕಟ್ಟಿಹಾಕಿದಂತಾಗುವುದಲ್ಲದೆ, ರುಚಿ ಕಂಡ ನಾಯಿ ಇಮ್ಮಡಿ ಉತ್ಸಾಹದಿಂದ ನೆಕ್ಕುತ್ತದೆ. ಗಾಯಕ್ಕೆ ಅರಿಸಿನದ ಪುಡಿಯನ್ನು ತುಂಬಿದರೆ ಮೇಲೆ ಹೆಕ್ಕಳೆ ಕಟ್ಟಿ ಒಳಗಿನ ಕೀವು ಕಾಣದಾಗುತ್ತದೆ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಮನುಷ್ಯರ ತುರಿಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿಯೂ, ಶಿಶುಗಳಿಗೆ ಹಚ್ಚುವ ಕೆಲವು ಬಿಳಿಯ ಮುಲಾಮುಗಳಲ್ಲಿಯೂ ಇರುವ ಜಿಂಕ್ ಆಕ್ಸೈಡು ನೆಕ್ಕಿದಾಗ ಹೊಟ್ಟೆ ಸೇರಿ ಅಪಾಯ ತರುತ್ತದೆ. ಇನ್ನು ಕಜ್ಜಿ ಹಿಡಿದ ಬೀದಿನಾಯಿಗೆ ಕರುಣೆಯಿಂದಲೇ ಲಾರಿಯ ಹಳೆಯ ಎಂಜಿನ್ ಎಣ್ಣೆಯನ್ನು ಸುರಿಯುವವರಿದ್ದಾರೆ. ಆ ಕರುಣೆಯಿಂದ ದೇವರೇ ನಾಯಿಯನ್ನು ಕಾಪಾಡಬೇಕು. ನೋವಿಗೆಂದು ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಮುರಿದು ಹಾಕುವುದು ಸರ್ವಥಾ ಕೂಡದು. ಅವುಗಳಿಂದ ನಾಯಿಯ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ, ಯಕೃತ್ತುಗಳು ಕೆಡಬಹುದು.

ತೊಳೆದು ಒಣಗಿಸಿದ ಕಾಲನ್ನು ನಾಯಿ ಮರಳಿ ಅಗಿಯದಂತೆ ತಡೆಯದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಔಷಧದ ಅಂಗಡಿಗಳಲ್ಲಿ ದೊರೆಯುವ, ಕೊರಳಿನ ಸುತ್ತ ಲಾಳಿಕೆಯ ಆಕಾರದಲ್ಲಿ ನಿಲ್ಲುವ ಪ್ಲಾಸ್ಟಿಕ್ ಕೋನೇ ಇದಕ್ಕೆ ಉತ್ತಮ. ಅದು ಮೂಗಿನ ತುದಿಯನ್ನು ದಾಟುವಷ್ಟು ಉದ್ದವಾಗಿರಬೇಕು. ಮೊದಲ ದಿನ ನಾಯಿ ಬಾಗಿಲಿಗೂ ಕಂಬಕ್ಕೂ ಹಾಯುತ್ತ ಮಹಾ ಅವಮಾನವಾದಂತೆ ಮುಖ ಮಾಡಿಕೊಂಡಿರುತ್ತದೆ, ಮರುದಿನ ಒಗ್ಗಿಕೊಳ್ಳುತ್ತದೆ. ಮಕ್ಕಳ ಹತ್ತಿಯ ಕಾಲುಚೀಲವನ್ನು ತೊಡಿಸುವುದಾದರೆ ನಾವು ಎದುರಿಗಿರುವಾಗ ಮಾತ್ರ, ಒದ್ದೆಯಾದೊಡನೆ ಬದಲಿಸುವ ನಿಯಮದೊಡನೆ. ಅದು ಜಾರದಿರಲೆಂದು ರಬ್ಬರ್ ಬ್ಯಾಂಡು ಹಾಕಿದವರು ಮರೆತುಬಿಟ್ಟರೆ, ಬ್ಯಾಂಡು ರೋಮದೊಳಗೆ ಮುಚ್ಚಿಹೋಗಿ ಮಾಂಸವನ್ನೇ ಕೊರೆದು ಪಂಜವನ್ನೇ ಕಳೆಯುವುದುಂಟು. ಬಿಗಿಯಾದ ಬ್ಯಾಂಡೇಜೂ ಅದರ ದಾಯಾದಿಯೇ.

ಶರೀರದಲ್ಲಿ ಯಾವ ದೋಷವೂ ಇಲ್ಲದೆ ಕಾಲು ಅಗಿಯುವ ನಾಯಿಗಳೂ ಇವೆ. ಗೇಟಿನ ಬಳಿ ಎರಡು ಮಾರು ಸರಪಣಿಯಲ್ಲಿ ಹಗಲೆಲ್ಲ ಕಟ್ಟಿಹಾಕಿದ ನಾಯಿಗೆ ಮಾಡಲು ಬೇರೆ ಯಾವ ಕಾರ್ಯವಿದೆ? ಮುಂಗಾಲಿನ ಮಣಿಕಟ್ಟಿನ ಮೇಲೆ ಒಂದೇ ಸ್ಥಳವನ್ನು ವರ್ಷಗಟ್ಟಲೆ ನೆಕ್ಕಿ, ರೋಮ ಉದುರಿ, ಚರ್ಮ ದಪ್ಪಗಾಗಿ ಗಟ್ಟಿಯಾದ ಗಾಯವೊಂದು ಉಳಿಯುವುದು ಇಂಥವುಗಳಲ್ಲಿಯೇ ಹೆಚ್ಚು. ಇದಕ್ಕೆ ಉಪ್ಪುನೀರು ಪರಿಹಾರವಲ್ಲ. ಬೆಳಿಗ್ಗೆ ಸಂಜೆ ಒಂದಿಷ್ಟು ತಿರುಗಾಟ, ಮನುಷ್ಯರ ಸಹವಾಸ, ಕಚ್ಚಿ ಆಡಲೊಂದು ವಸ್ತು ಬೇಕು. ನಾಯಿಯನ್ನು ಕಟ್ಟಿಯೇ ಸಾಕಬೇಕೆಂಬ ಸಂಕಲ್ಪವುಳ್ಳವರು ಅದನ್ನು ಸಾಕದಿರುವುದೇ ಒಳಿತೆಂದು ಹೇಳಲು ನನಗೆ ಸಂಕೋಚವಿಲ್ಲ.

ಮನೆಮದ್ದಿಗೆ ಮಿತಿಯುಂಟು. ಕಾಲೂರಲಾರದೆ ಕುಂಟುವುದು, ಕೀವು, ದುರ್ಗಂಧ, ಬುಡದಲ್ಲಿ ಮುರಿದ ಉಗುರು, 10 ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಇವುಗಳಲ್ಲಿ ಒಂದು ಕಂಡರೂ ಅಂದೇ ಪಶುಚಿಕಿತ್ಸಾಲಯಕ್ಕೆ ಹೋಗತಕ್ಕದ್ದು. ಮಳೆಗಾಲದಲ್ಲಿ ಗಾಯದ ಮೇಲೆ ನೊಣ ಕೂತು ಒಂದೆರಡು ದಿನಗಳಲ್ಲಿಯೇ ಹುಳು ಬೀಳುತ್ತದೆ. ಒಂದೇ ಒಂದು ಹುಳು ಕಂಡರೂ ಒಳಗೆ ಹತ್ತಾರಿರುತ್ತವೆ. ಹೊಲದಿಂದಲೋ ಪೊದೆಯಿಂದಲೋ ಬಂದ ನಾಯಿಯ ಪಂಜ ನೋಡನೋಡುತ್ತ ಊದಿಕೊಂಡರೆ ಹಾವು ಕಚ್ಚಿರಬಹುದೆಂದು ತಿಳಿದು, ಕಟ್ಟು ಬಿಗಿಯದೆ, ಕೊಯ್ಯದೆ, ನಾಯಿಯನ್ನು ನಡೆಸದೆ ಎತ್ತಿಕೊಂಡೇ ವೈದ್ಯರಲ್ಲಿಗೆ ಧಾವಿಸಬೇಕು. ಎಲ್ಲಕ್ಕಿಂತ ಘನವಾದ ಎಚ್ಚರಿಕೆ ಇನ್ನೊಂದಿದೆ. ರೇಬೀಸ್ ತಗಲಿದ ನಾಯಿಯು ಹಿಂದೆ ತನಗೆ ಕಡಿತವಾಗಿದ್ದ ಜಾಗವನ್ನು ತಾನೇ ಉಗ್ರವಾಗಿ ಕಚ್ಚಿಕೊಳ್ಳುವುದುಂಟು. ಆದುದರಿಂದ ಲಸಿಕೆ ಹಾಕಿಸದ ನಾಯಿ, ಸ್ವಭಾವದಲ್ಲಿ ಬದಲಾವಣೆ ತೋರುತ್ತ, ಕಾಲನ್ನು ಹುಚ್ಚಾಪಟ್ಟೆ ಕಡಿದುಕೊಳ್ಳುತ್ತಿದ್ದರೆ ಅದನ್ನು ಮುಟ್ಟುವ ಸಾಹಸ ಕೂಡದು. ಅದರ ಜೊಲ್ಲು ನಮ್ಮ ಗಾಯಕ್ಕೆ ಸೋಕಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಇಂಥ ಭಯಗಳಾವುವೂ ಇಲ್ಲದ ಸಾಮಾನ್ಯ ಕೆಂಪಿಗಾದರೂ ಉಪ್ಪುನೀರಿನ ಅವಧಿ ಮೂರು ದಿನ. ಅಷ್ಟರಲ್ಲಿ ಇಳಿಯದಿದ್ದರೆ ತಾಲ್ಲೂಕಿನ ಪಶು ಆಸ್ಪತ್ರೆಯ ದಾರಿ ಹಿಡಿಯಿರಿ. ಹೊರಡುವ ದಿನ ಪಂಜಕ್ಕೆ ಎಣ್ಣೆ, ಅರಿಸಿನ, ಮುಲಾಮು ಯಾವುದನ್ನೂ ಹಚ್ಚದೆ ಚರ್ಮವನ್ನು ವೈದ್ಯರ ಕಣ್ಣಿಗೆ ಇದ್ದದ್ದು ಇದ್ದ ಹಾಗೆ ಕಾಣಗೊಡಿ. ಹಿಂದೆ ಹಚ್ಚಿದ್ದೇನು, ತಿನ್ನಿಸಿದ್ದೇನು ಎಂಬುದನ್ನು, ಅದು ಎಂಜಿನ್ ಎಣ್ಣೆಯೇ ಆಗಿದ್ದರೂ, ಮುಚ್ಚಿಡದೆ ಹೇಳಿ.